ಕುರ್ಚಿಯ ಹಿಂದಿನ ಮನುಷ್ಯ: ಓಡ್ ಹಾಸೆಲ್ ಸಾವಯವ ರಸಾಯನಶಾಸ್ತ್ರಜ್ಞರೇ?

ಪ್ರಶ್ನೆ: ನಾನು ಎಂ.ಎಸ್ಸಿ. ಮೊದಲ ವರ್ಷದಲ್ಲಿ ಸಾವಯವ ರಸಾಯನಶಾಸ್ತ್ರ ಓದುತ್ತಿದ್ದೇನೆ. ಆರು ಇಂಗಾಲದ ಉಂಗುರವಾದ ಸೈಕ್ಲೋಹೆಕ್ಸೇನ್ ಪಾಠ ಬಂದಾಗ ನಮ್ಮ ಮೇಷ್ಟ್ರು ಡೆರೆಕ್ ಬಾರ್ಟನ್ ಬಗ್ಗೆ ಅರ್ಧ ಗಂಟೆ ಹೇಳಿದರು. ಬಾರ್ಟನ್ ಜೊತೆ ನೊಬೆಲ್ ಹಂಚಿಕೊಂಡ ನಾರ್ವೆಯ ಓಡ್ ಹಾಸೆಲ್ ಬಗ್ಗೆ ಹೇಳಿದ್ದು ಒಂದೇ ವಾಕ್ಯ. ಹುಡುಕಿ ನೋಡಿದರೆ ಹಾಸೆಲ್ ಭೌತ ರಸಾಯನಶಾಸ್ತ್ರದ ಪ್ರಾಧ್ಯಾಪಕ ಎಂದಿದೆ. ಹಾಗಾದರೆ ನಮ್ಮ ಸಾವಯವ ಪುಸ್ತಕದಲ್ಲಿ ಅವರ ಹೆಸರು ಹೇಗೆ ಬಂತು? ತಮ್ಮ ಮುಖ್ಯ ಲೇಖನವನ್ನು ಅವರು ನಾರ್ವೇಜಿಯನ್ ಭಾಷೆಯಲ್ಲಿ ಬರೆದರಂತೆ. ಯಾಕೆ? ಅದರಿಂದ ಅವರಿಗೆ ನಷ್ಟವಾಯಿತೇ? ಅವರದನ್ನು ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಹುದ್ದೆಯ ಲೆಕ್ಕದಲ್ಲಿ ನೀವು ಕಂಡುಕೊಂಡದ್ದು ಸರಿ. ಹಾಸೆಲ್ ಸಾವಯವ ಸಂಶ್ಲೇಷಣೆಯ ಮನುಷ್ಯರಲ್ಲ. ಹೊಸ ಔಷಧ ಕಟ್ಟಲಿಲ್ಲ, ಗಿಡದ ರಸದಿಂದ ಅಪರೂಪದ ವಸ್ತು ಬೇರ್ಪಡಿಸಲಿಲ್ಲ. 1934ರಿಂದ 1964ರವರೆಗೆ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಭೌತ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆದರೆ ನೀವು ಪರೀಕ್ಷೆಯಲ್ಲಿ ಆರು ಗೆರೆ ಎಳೆದು ಸೈಕ್ಲೋಹೆಕ್ಸೇನ್ ಉಂಗುರವನ್ನು ಕುರ್ಚಿಯ ಆಕಾರದಲ್ಲಿ ಬಿಡಿಸಿ, ಅದರಿಂದ ಮೇಲೆ ಕೆಳಗೆ ಮೂರು ಮೂರು ಕಡ್ಡಿ, ಪಕ್ಕಕ್ಕೆ ಆರು ಕಡ್ಡಿ ಹೊರಡಿಸುತ್ತೀರಲ್ಲ, ಆ ಚಿತ್ರ ಕಾಗದದ ಮೇಲಿನ ಊಹೆಯಲ್ಲ, ಅಣುವಿನ ನಿಜವಾದ ಆಕಾರ ಎಂದು ಅಳೆದು ತೋರಿಸಿದವರು ಅವರು. ನಾನು ಸ್ಟೀರಿಯೋಕೆಮಿಸ್ಟ್ರಿ, ಅಂದರೆ ಅಣುಗಳ ಆಕಾರದ ಪಾಠ ಮಾಡಿದ ವರ್ಷಗಳಲ್ಲೆಲ್ಲ ಆ ಒಂದು ವಾಕ್ಯವನ್ನು ಇಡೀ ತಾಸಿಗೆ ಹಿಗ್ಗಿಸಬೇಕು ಎಂದುಕೊಳ್ಳುತ್ತಿದ್ದೆ. ಪಠ್ಯಕ್ರಮ ಬಿಡುತ್ತಿರಲಿಲ್ಲ. ಇವತ್ತು ನೀವು ಕೇಳಿದ್ದೀರಿ, ಹೇಳುತ್ತೇನೆ.

ಹಾಸೆಲ್ ಹುಟ್ಟಿದ್ದು 1897ರ ಮೇ 17ರಂದು, ಕ್ರಿಸ್ಟಿಯಾನಿಯಾದಲ್ಲಿ. ಇವತ್ತಿನ ಓಸ್ಲೋದ ಆಗಿನ ಹೆಸರು ಅದು. ಮೇ 17 ನಾರ್ವೆಯ ಸಂವಿಧಾನ ದಿನ, ಆ ದೇಶದ ದೊಡ್ಡ ಹಬ್ಬ. ತಂದೆ ವೈದ್ಯರು, ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡರು. 1915ರಲ್ಲಿ ವಿಶ್ವವಿದ್ಯಾಲಯ ಸೇರಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ 1920ರಲ್ಲಿ ಪದವಿ ಮುಗಿಸಿದರು. ಅಲ್ಲಿ ಅವರನ್ನು ತಿದ್ದಿದವರು ಒಂದೇ ಮನೆಯ ಇಬ್ಬರು: ಹೈನ್ರಿಚ್ ಗೋಲ್ಡ್‌ಸ್ಮಿತ್ ಮತ್ತು ಅವರ ಮಗ ವಿಕ್ಟರ್ ಗೋಲ್ಡ್‌ಸ್ಮಿತ್. ಭೂರಸಾಯನಶಾಸ್ತ್ರಕ್ಕೆ ತಳಪಾಯ ಹಾಕಿದವರು ಆ ಮಗನೇ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1922ರಲ್ಲಿ ಹಾಸೆಲ್ ಮ್ಯೂನಿಕ್‌ಗೆ, ಕಾಸಿಮಿರ್ ಫಾಯಾನ್ಸ್ ಅವರ ಪ್ರಯೋಗಾಲಯಕ್ಕೆ ಹೋದರು. ಇಲ್ಲಿ ನೀವೇ ಅವರನ್ನು ಒಮ್ಮೆ ಭೇಟಿಯಾಗಿದ್ದೀರಿ. ಬಿ.ಎಸ್ಸಿ. ಲ್ಯಾಬಿನಲ್ಲಿ ಕ್ಲೋರೈಡ್ ದ್ರಾವಣಕ್ಕೆ ಒಂದೆರಡು ಹನಿ ಫ್ಲೋರೆಸೀನ್ ಬಿಟ್ಟು ಬ್ಯುರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಇಳಿಸುತ್ತ, ಹಳದಿ ಹಸಿರು ಇದ್ದದ್ದು ಒಂದು ಹನಿಗೆ ತಟ್ಟನೆ ಗುಲಾಬಿಗೆ ತಿರುಗುವುದನ್ನು ಕಾದಿದ್ದೀರಲ್ಲವೇ? ಫಾಯಾನ್ಸ್ ವಿಧಾನ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತೇವೆ. ಅದನ್ನು 1923ರಲ್ಲಿ ಪ್ರಕಟಿಸಿದ್ದು ಫಾಯಾನ್ಸ್ ಮತ್ತು ಹಾಸೆಲ್ ಇಬ್ಬರೂ ಸೇರಿ. ಅದು ನಡೆಯುವ ಬಗೆ ಚಂದ. ಕ್ಲೋರೈಡ್ ಇನ್ನೂ ಉಳಿದಿರುವಾಗ ಸಿಲ್ವರ್ ಕ್ಲೋರೈಡ್ ಕಣಗಳ ಮೈಗೆ ಕ್ಲೋರೈಡ್ ಅಯಾನುಗಳು ಅಂಟಿ ಅವು ಋಣಾವೇಶದಲ್ಲಿರುತ್ತವೆ. ಬಣ್ಣದ ಋಣ ಅಯಾನನ್ನು ಹತ್ತಿರ ಬಿಡುವುದಿಲ್ಲ. ಕ್ಲೋರೈಡ್ ಮುಗಿದು ಬೆಳ್ಳಿಯ ಅಯಾನು ಒಂದಿಷ್ಟು ಹೆಚ್ಚಾದ ಕೂಡಲೇ ಕಣದ ಮೈ ಧನಾವೇಶಕ್ಕೆ ತಿರುಗಿ ಬಣ್ಣವನ್ನು ಎಳೆದುಕೊಳ್ಳುತ್ತದೆ. ಆ ಅಂಟುವಿಕೆಯೇ ಗುಲಾಬಿ. ಇಪ್ಪತ್ತೈದು ಇಪ್ಪತ್ತಾರರ ಯುವಕನ ಕೆಲಸ ನೂರು ವರ್ಷ ಕಳೆದರೂ ನಮ್ಮ ಲ್ಯಾಬುಗಳಲ್ಲಿ ನಡೆಯುತ್ತಿದೆ. ಇದೊಂದೇ ಸಾಧನೆಯಾಗಿದ್ದರೂ ಅವರ ಹೆಸರನ್ನು ಹೇಳಬೇಕಿತ್ತು.

ಅವರು ಅಲ್ಲೇ ನಿಲ್ಲಲಿಲ್ಲ. ಮ್ಯೂನಿಕ್‌ನಿಂದ ಬರ್ಲಿನ್ನಿನ ಡಾಲೆಮ್‌ಗೆ, ಕೈಸರ್ ವಿಲ್ಹೆಲ್ಮ್ ಸಂಸ್ಥೆಗೆ ಹೋಗಿ ಎಕ್ಸ್-ರೇ ಮೂಲಕ ಸ್ಫಟಿಕಗಳ ಒಳರಚನೆ ಓದುವುದನ್ನು ಕಲಿತರು. ಫ್ರಿಟ್ಸ್ ಹೇಬರ್ ಅವರ ಬೆಂಬಲದಿಂದ ರಾಕ್‌ಫೆಲರ್ ಫೆಲೋಶಿಪ್ ಸಿಕ್ಕಿತು. 1924ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಡಾಕ್ಟರೇಟ್. 1925ರಲ್ಲಿ ಊರಿಗೆ ಮರಳಿದರು. ಅದೇ ವರ್ಷದ ಮೊದಲ ದಿನ ಕ್ರಿಸ್ಟಿಯಾನಿಯಾ ತನ್ನ ಹಳೆಯ ಹೆಸರನ್ನು ಮತ್ತೆ ಧರಿಸಿ ಓಸ್ಲೋ ಆಗಿತ್ತು. 1926ರಲ್ಲಿ ಅಧ್ಯಾಪಕ ಹುದ್ದೆ, 1934ರಲ್ಲಿ ಪ್ರಾಧ್ಯಾಪಕ ಹುದ್ದೆ. ನಾರ್ವೆಯಲ್ಲಿ ಭೌತ ರಸಾಯನಶಾಸ್ತ್ರಕ್ಕೆ ಅದೇ ಮೊದಲ ಪೀಠ. ಅದೇ ವರ್ಷ ಸ್ಫಟಿಕ ರಸಾಯನದ ಬಗ್ಗೆ ಜರ್ಮನ್ ಭಾಷೆಯಲ್ಲಿ ಪುಸ್ತಕ ಬಂತು. ಅದು ಇಂಗ್ಲಿಷಿಗೂ ರಷ್ಯನ್ನಿಗೂ ಹೋಯಿತು. ಕಲಿತದ್ದು ಜರ್ಮನಿಯಲ್ಲಿ, ಪ್ರಕಟಿಸಿದ್ದು ಜರ್ಮನ್ ಪತ್ರಿಕೆಗಳಲ್ಲಿ. ಅವರ ವಿಜ್ಞಾನದ ಭಾಷೆಯೇ ಜರ್ಮನ್ ಆಗಿತ್ತು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿಂದ ಹುಟ್ಟುತ್ತದೆ.

ಅದಕ್ಕೂ ಮೊದಲು ಸೈಕ್ಲೋಹೆಕ್ಸೇನ್ ಯಾಕೆ ಒಗಟಾಗಿತ್ತು ಎಂದು ಹೇಳಿಬಿಡುತ್ತೇನೆ. 1885ರಲ್ಲಿ ಅಡಾಲ್ಫ್ ಫಾನ್ ಬೇಯರ್, ಇಂಗಾಲದ ಉಂಗುರಗಳೆಲ್ಲ ತಟ್ಟೆಯ ಹಾಗೆ ಚಪ್ಪಟೆ ಎಂದುಕೊಂಡು, ಯಾವ ಉಂಗುರದಲ್ಲಿ ಎಷ್ಟು ಬಿಗಿತ ಎಂದು ಲೆಕ್ಕ ಹಾಕಿದರು. ಐದು ವರ್ಷದ ನಂತರ ಹರ್ಮನ್ ಸಾಕ್ಸೆ ಎಂಬ ತರುಣ, ಆರು ಇಂಗಾಲದ ಉಂಗುರ ಚಪ್ಪಟೆಯಾಗಿರಬೇಕಿಲ್ಲ, ಬಿಗಿತವೇ ಇಲ್ಲದೆ ಎರಡು ಬಗೆಯಲ್ಲಿ ಮಡಿಸಿಕೊಳ್ಳಬಹುದು ಎಂದು ಗಣಿತದಿಂದ ತೋರಿಸಿದ. ನಾವು ಈಗ ಕುರ್ಚಿ, ದೋಣಿ ಎನ್ನುವ ಎರಡು ರೂಪ. ಬರೆದದ್ದು ಜ್ಯಾಮಿತಿಯ ಭಾಷೆಯಲ್ಲಿ, ರಸಾಯನಶಾಸ್ತ್ರಜ್ಞರಿಗೆ ಹತ್ತಲಿಲ್ಲ. ಎರಡು ರೂಪ ಇದ್ದರೆ ಎರಡು ವಸ್ತು ಸಿಗಬೇಕಲ್ಲ, ಎಲ್ಲಿವೆ ಎಂದು ಕೇಳಿದರು. ಸಾಕ್ಸೆ 1893ರಲ್ಲಿ, ಮೂವತ್ತೊಂದು ವರ್ಷಕ್ಕೇ ತೀರಿಹೋದ. ಮುಂದೆ ವಜ್ರದ ಎಕ್ಸ್-ರೇ ರಚನೆ ಬಂತು. ವಜ್ರದೊಳಗೆ ಇಂಗಾಲಗಳು ಕೂತಿರುವುದೇ ಕುರ್ಚಿಗಳ ಸಾಲಾಗಿ. ಅದನ್ನು ಆಧಾರವಾಗಿಟ್ಟುಕೊಂಡು 1918ರಲ್ಲಿ ಎರ್ನ್ಸ್ಟ್ ಮೋರ್ ಸಾಕ್ಸೆಯ ಮಾತನ್ನು ಮತ್ತೆ ಎತ್ತಿದರು. 1925ರಲ್ಲಿ ವಾಲ್ಟರ್ ಹ್ಯುಕೆಲ್ ಇಂಥ ಎರಡು ಉಂಗುರ ಬೆಸೆದುಕೊಂಡ ಡೆಕಲಿನ್‌ನ ಸಿಸ್ ಮತ್ತು ಟ್ರಾನ್ಸ್ ಎಂಬ ಎರಡು ರೂಪಗಳನ್ನೂ ಬೇರ್ಪಡಿಸಿದಾಗ ಉಂಗುರ ಚಪ್ಪಟೆಯಲ್ಲ ಎಂಬುದು ಖಚಿತವಾಯಿತು. ಆದರೂ ಒಂದು ಬಿಡಿ ಸೈಕ್ಲೋಹೆಕ್ಸೇನ್ ಅಣು ಯಾವ ರೂಪದಲ್ಲಿರುತ್ತದೆ, ಕುರ್ಚಿಯೋ ದೋಣಿಯೋ, ಎರಡೂ ಬೆರೆತೋ? ಅಳೆದು ಹೇಳುವವರು ಇರಲಿಲ್ಲ.

1930ರ ಸುಮಾರಿಗೆ ಹಾಸೆಲ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ವೃತ್ತಿಜೀವನದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾಗುವ ಭಾಗ ಇದು. ಅವರು ಒಂದು ಉಪಕರಣವನ್ನು ನಂಬಿ ಕೂರಲಿಲ್ಲ. ಮೊದಲು ಡಾಲೆಮ್‌ನಲ್ಲಿ ಕಲಿತ ಎಕ್ಸ್-ರೇ. ಆದರೆ ಸ್ಫಟಿಕದಲ್ಲಿ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ; ನೆರೆಯವರ ಒತ್ತಡಕ್ಕೆ ಆಕಾರ ಬದಲಾಗಿರಬಹುದಲ್ಲ ಎಂಬ ಅನುಮಾನ ಉಳಿಯುತ್ತದೆ. ಆಮೇಲೆ ಡೈಪೋಲ್ ಮೊಮೆಂಟ್: ಉಂಗುರಕ್ಕೆ ಕ್ಲೋರಿನ್, ಬ್ರೋಮಿನ್‌ನಂಥ ಎರಡು ಹ್ಯಾಲೊಜನ್ ತಗುಲಿಸಿ, ಅಣುವಿನ ಒಟ್ಟು ವಿದ್ಯುತ್ ಅಸಮತೋಲ ಅಳೆದು, ಆ ಎರಡು ಯಾವ ದಿಕ್ಕಿಗೆ ಮುಖಮಾಡಿವೆ ಎಂದು ಊಹಿಸುವುದು. ಇದು ಸುತ್ತು ದಾರಿ. 1930ರಲ್ಲಿ ಜರ್ಮನಿಯಲ್ಲಿ ಹರ್ಮನ್ ಮಾರ್ಕ್ ಮತ್ತು ರೈಮುಂಡ್ ವಿಯರ್ಲ್ ಅನಿಲದ ಅಣುಗಳ ಮೇಲೆ ಎಲೆಕ್ಟ್ರಾನ್ ಕಿರಣ ಹಾಯಿಸಿ ರಚನೆ ಓದುವ ವಿಧಾನ ತೋರಿಸಿದ್ದರು. ದಶಕದ ಕೊನೆಗೆ ಹಾಸೆಲ್ ಅದನ್ನು ಓಸ್ಲೋಗೆ ತಂದರು.

ನಿರ್ವಾತದಲ್ಲಿ ಸಣ್ಣ ರಂಧ್ರದಿಂದ ಆವಿ ಚಿಮ್ಮುತ್ತದೆ. ಅದಕ್ಕೆ ಅಡ್ಡಲಾಗಿ ವೇಗದ ಎಲೆಕ್ಟ್ರಾನ್‌ಗಳ ಕಿರಣ. ಅಣುವಿನೊಳಗಿನ ಪ್ರತಿ ಜೋಡಿ ಪರಮಾಣುವೂ ಕಿರಣವನ್ನು ಚದುರಿಸಿ, ಫೋಟೋ ತಟ್ಟೆಯ ಮೇಲೆ ಒಂದರ ಸುತ್ತ ಒಂದು ಬಳೆಗಳ ಗುರುತು ಮೂಡಿಸುತ್ತದೆ. ಬಳೆಗಳ ಅಳತೆಯಿಂದ ಪರಮಾಣು ಜೋಡಿಗಳ ನಡುವಿನ ಅಂತರಗಳನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ತೊಂದರೆ ಏನೆಂದರೆ, ನಡುವಿನಲ್ಲಿ ಕಪ್ಪು ತೀರ ದಟ್ಟ, ಅಂಚಿಗೆ ಹೋದಂತೆ ಏನೂ ಕಾಣದಷ್ಟು ತೆಳು. ಕಿರಣದ ಹಾದಿಯಲ್ಲಿ ವಿಶೇಷ ಆಕಾರದ ತಿರುಗುವ ತಗಡು ಇಟ್ಟು ಈ ಏರುಪೇರನ್ನು ಸರಿದೂಗಿಸುವ ಯೋಚನೆಯನ್ನು ಮೊದಲು ಮುಂದಿಟ್ಟವರಲ್ಲಿ ನಾರ್ವೆಯವರೇ ಆದ ಕ್ರಿಸ್ಟೆನ್ ಫಿನ್‌ಬಾಕ್ ಒಬ್ಬರು. ಆ ತಗಡಿನಿಂದಾಗಿ ಓಸ್ಲೋದ ಅಳತೆಗಳು ಕಣ್ಣಂದಾಜಿನಿಂದ ಮೇಲೆದ್ದವು. ಕುರ್ಚಿಯಲ್ಲಿ ಎದುರುಬದುರು ಕೂತ ಇಂಗಾಲಗಳ ಅಂತರ ಸುಮಾರು 2.95 ಆಂಗ್‌ಸ್ಟ್ರಾಂ, ಮೂರು ಜೋಡಿಗೂ ಒಂದೇ. ದೋಣಿಯಲ್ಲಿ ಹಾಗಲ್ಲ: ಮೂತಿ ಮತ್ತು ಬಾಲದ ಇಂಗಾಲಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ತಟ್ಟೆಯ ಮೇಲಿನ ಬಳೆಗಳು ಕುರ್ಚಿಗೆ ಹೊಂದಿದವು.

ಈಗ ಭಾಷೆಯ ವಿಷಯ. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ನಾರ್ವೆಯನ್ನು ಆಕ್ರಮಿಸಿತು. ಅಲ್ಲಿಂದ ಮುಂದೆ ಜರ್ಮನ್ ಪತ್ರಿಕೆಗಳಿಗೆ ಬರೆಯುವುದಿಲ್ಲ ಎಂದು ಹಾಸೆಲ್ ನಿರ್ಧರಿಸಿದರು. ನಾರ್ವೆಯ ಎಷ್ಟೋ ಮಂದಿಯ ಹಾಗೆ ಇದು ದೇಶಾಭಿಮಾನದ ಪ್ರತಿಭಟನೆ ಎಂದು ಬಿಟ್ಟುಬಿಡಬಹುದು. ನಾನು ಇನ್ನೊಂದನ್ನೂ ಕಾಣುತ್ತೇನೆ. ಅವರಿಗೆ ವಿಜ್ಞಾನ ಕಲಿಸಿದ ಜರ್ಮನಿ ಆಗಲೇ ಇಲ್ಲವಾಗಿತ್ತು. ಫೆಲೋಶಿಪ್ ಕೊಡಿಸಿದ ಹೇಬರ್ ಯಹೂದಿ ಮೂಲದವರು. 1933ರಲ್ಲಿ ಸಂಸ್ಥೆಯನ್ನು ಬಿಟ್ಟು ಹೊರಬಂದು ಮರುವರ್ಷ ಪರದೇಶದಲ್ಲಿ ಸತ್ತರು. ಫಾಯಾನ್ಸ್ ಕೂಡ ಮ್ಯೂನಿಕ್ ಬಿಡಬೇಕಾಗಿ ಬಂದು ಅಮೆರಿಕಕ್ಕೆ ಹೋದರು. ಓಸ್ಲೋದ ಗುರು ವಿಕ್ಟರ್ ಗೋಲ್ಡ್‌ಸ್ಮಿತ್ ಅವರನ್ನು 1942ರಲ್ಲಿ ಬಂಧಿಸಿದರು. ನವೆಂಬರ್ 26ರಂದು ಯಹೂದಿಗಳನ್ನು ಸಾಗಿಸುವ ಹಡಗು ಹೊರಡುವ ಹೊತ್ತಿಗೆ ಬಂದರಿನಲ್ಲಿ ಕೊನೆಗಳಿಗೆಯಲ್ಲಿ ಬಿಡುಗಡೆಯಾಗಿ, ಸ್ವೀಡನ್ನಿಗೆ ತಪ್ಪಿಸಿಕೊಂಡರು. ತನ್ನನ್ನು ರೂಪಿಸಿದ ಒಬ್ಬೊಬ್ಬರನ್ನೂ ಅಟ್ಟಿದ ಆಡಳಿತದ ಪತ್ರಿಕೆಗೆ ತನ್ನ ಒಳ್ಳೆಯ ಕೆಲಸವನ್ನು ಕಳಿಸಲು ಆ ಮನುಷ್ಯನಿಗೆ ಮನಸ್ಸು ಬರದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಇದು ನನ್ನ ಓದು. ಆದರೆ ಆ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಬೇರೆ ರೀತಿ ಓದುವುದು ನನಗೆ ಕಷ್ಟ.

ಹಾಗಾಗಿ 1943ರಲ್ಲಿ ಸೈಕ್ಲೋಹೆಕ್ಸೇನ್ ಸಮಸ್ಯೆಯ ಕುರಿತ ಆ ಪುಟ್ಟ ಲೇಖನ ಹೊರಬಂದದ್ದು ನಾರ್ವೇಜಿಯನ್ ಭಾಷೆಯಲ್ಲಿ, ರಸಾಯನಶಾಸ್ತ್ರ, ಗಣಿಗಾರಿಕೆ, ಲೋಹವಿದ್ಯೆ ಮೂರಕ್ಕೂ ಸೇರಿದ ಸ್ಥಳೀಯ ಪತ್ರಿಕೆಯೊಂದರಲ್ಲಿ. ಒಳಗಿದ್ದದ್ದು ಇಷ್ಟು. ಸೈಕ್ಲೋಹೆಕ್ಸೇನ್ ಇರುವುದು ಕುರ್ಚಿಯಾಗಿ. ಅದರ ಹನ್ನೆರಡು ಜಲಜನಕಗಳಲ್ಲಿ ಎರಡು ಜಾತಿ: ಆರು ನೆಟ್ಟಗೆ ನಿಂತವು, ಆರು ಹೊರಕ್ಕೆ ಮಲಗಿದವು. ನಿಂತವಕ್ಕೂ ಮಲಗಿದವಕ್ಕೂ ಗ್ರೀಕ್ ಪದಗಳನ್ನು ಹುಡುಕಿ, ಅವುಗಳ ಮೊದಲ ಅಕ್ಷರ ಎಪ್ಸಿಲಾನ್, ಕಪ್ಪಾ ಎಂದು ಗುರುತು ಇಟ್ಟರು. ಉಂಗುರ ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ಸುಲಭವಾಗಿ ಮಗುಚಿಕೊಳ್ಳುತ್ತದೆ. ಆಗ ನಿಂತದ್ದು ಮಲಗುತ್ತದೆ, ಮಲಗಿದ್ದು ನಿಲ್ಲುತ್ತದೆ. ದೊಡ್ಡ ಗುಂಪು ತಗುಲಿದ್ದರೆ ಅದಕ್ಕೆ ಇಷ್ಟ ಮಲಗಿದ ಜಾಗವೇ. ಸಾಕ್ಸೆಯನ್ನು ಕೇಳಿದ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ: ಬೇರ್ಪಡಿಸಲು ಆಗದಷ್ಟು ಬೇಗ ಮಗುಚುತ್ತಿದ್ದರೆ ಎರಡು ವಸ್ತು ಬಾಟಲಿಗೆ ಸಿಗುವುದಾದರೂ ಹೇಗೆ? ಇವತ್ತು ನಮಗೆ ಗೊತ್ತು, ದಾಟಬೇಕಾದ ಶಕ್ತಿಯ ದಿಬ್ಬ ಮೋಲಿಗೆ ಸುಮಾರು 45 ಕಿಲೋಜೂಲ್. ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಲಕ್ಷದಷ್ಟು ಸಲ ಮಗುಚುವಿಕೆ. ಮೀಥೈಲ್ ಗುಂಪು ಇದ್ದರೆ ಯಾವುದೇ ಗಳಿಗೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಅಣುಗಳಲ್ಲಿ ಅದು ಮಲಗಿಯೇ ಇರುತ್ತದೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ನಾರ್ವೆಯ ನಾಜಿಗಳು ಹಾಸೆಲ್‌ರನ್ನು ಬಂಧಿಸಿ ಜರ್ಮನರಿಗೆ ಒಪ್ಪಿಸಿದರು. ಅವರೊಬ್ಬರನ್ನೇ ಅಲ್ಲ, ವಿಶ್ವವಿದ್ಯಾಲಯದ ಇನ್ನೂ ಹಲವು ಅಧ್ಯಾಪಕರನ್ನು. ನವೆಂಬರ್ ಕೊನೆಯಲ್ಲಿ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಬೆಂಕಿ ಬಿದ್ದ ನೆಪದಲ್ಲಿ ನೂರಾರು ವಿದ್ಯಾರ್ಥಿಗಳನ್ನು ಹಿಡಿದರು, ವಿಶ್ವವಿದ್ಯಾಲಯವನ್ನೇ ಮುಚ್ಚಿದರು. ಓಸ್ಲೋ ಹೊರವಲಯದ ಗ್ರಿನಿ ಶಿಬಿರದಲ್ಲಿದ್ದ ಹಾಸೆಲ್ ಹೊರಬಂದದ್ದು 1944ರ ನವೆಂಬರ್‌ನಲ್ಲಿ. ಅರ್ಥಶಾಸ್ತ್ರಜ್ಞ ರಾಗ್ನಾರ್ ಫ್ರಿಶ್ ಕೂಡ ಆ ಕಾಲದಲ್ಲಿ ಗ್ರಿನಿಯ ಕೈದಿ. ಕಾಲು ಶತಮಾನದ ಬಳಿಕ, 1969ರಲ್ಲಿ, ಇಬ್ಬರಿಗೂ ಒಂದೇ ವರ್ಷ ನೊಬೆಲ್ ಬಂತು: ಹಾಸೆಲ್‌ಗೆ ರಸಾಯನಶಾಸ್ತ್ರದ್ದು, ಫ್ರಿಶ್‌ಗೆ ಆಗಷ್ಟೇ ಶುರುವಾದ ಅರ್ಥಶಾಸ್ತ್ರದ ಮೊದಲ ಪ್ರಶಸ್ತಿ. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ನಷ್ಟವಾಯಿತೇ ಎಂದು ಕೇಳಿದ್ದೀರಿ. ಯುದ್ಧದ ನಡುವೆ ಯಾವ ಭಾಷೆಯಲ್ಲಿ ಬರೆದಿದ್ದರೂ ಲೇಖನ ದೂರ ಹೋಗುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ಯುದ್ಧ ಮುಗಿದ ಮೇಲೆ ಅವರು ತಡಮಾಡಲಿಲ್ಲ. 1946ರಲ್ಲಿ ಶಿಷ್ಯ ಒಟ್ಟೊ ಬಾಸ್ಟಿಯಾನ್ಸೆನ್ ಜೊತೆ, ಅಲ್ಲಿಯವರೆಗೆ ಎರಡು ದೋಣಿ ಕೂಡಿಸಿ ಬಿಡಿಸುತ್ತಿದ್ದ ಸಿಸ್ ಡೆಕಲಿನ್‌ನಲ್ಲಿ ಇರುವುದು ಎರಡು ಕುರ್ಚಿ ಎಂದು ಇಂಗ್ಲಿಷಿನಲ್ಲಿ ತೋರಿಸಿದರು. 1947ರಲ್ಲಿ ಬ್ರಿನ್ಯುಲ್ಫ್ ಒಟ್ಟಾರ್ ಜೊತೆ ಸಕ್ಕರೆಗಳ ಉಂಗುರದ ಬಗ್ಗೆ ಬರೆದರು. ಅದೇ ವರ್ಷ ಸ್ಕ್ಯಾಂಡಿನೇವಿಯಾದ ದೇಶಗಳು ಸೇರಿ ಹೊಸ ರಸಾಯನಶಾಸ್ತ್ರ ಪತ್ರಿಕೆ ಹುಟ್ಟುಹಾಕಿದಾಗ ಹತ್ತು ವರ್ಷ ಅದರ ನಾರ್ವೆ ಸಂಪಾದಕರಾಗಿ ದುಡಿದರು. 1949-50ರಲ್ಲಿ ಹಾರ್ವರ್ಡ್‌ನಲ್ಲಿದ್ದ ಇಂಗ್ಲೆಂಡಿನ ಬಾರ್ಟನ್, ಸ್ಟೀರಾಯ್ಡ್‌ಗಳ ವಿಚಿತ್ರ ವರ್ತನೆಗೆ ಕಾರಣ ಹುಡುಕುವಾಗ ಹಾಸೆಲ್ ಅಳತೆಗಳನ್ನು ಆಧಾರವಾಗಿ ಹಿಡಿದರು. ಸ್ಟೀರಾಯ್ಡ್‌ನಲ್ಲಿ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡು ಮಗುಚಲಾರವು. ಹಾಗಾಗಿ ನಿಂತ ಗುಂಪು ನಿಂತೇ ಇರುತ್ತದೆ, ಮಲಗಿದ್ದು ಮಲಗಿಯೇ. ಎರಡರ ರಾಸಾಯನಿಕ ವರ್ತನೆ ಬೇರೆ ಬೇರೆ. 1950ರಲ್ಲಿ ಬಂದ ಬಾರ್ಟನ್ ಅವರ ನಾಲ್ಕು ಪುಟದ ಲೇಖನ ಸಾವಯವ ರಸಾಯನಶಾಸ್ತ್ರಜ್ಞರ ಯೋಚನೆಯ ದಿಕ್ಕನ್ನೇ ಬದಲಿಸಿತು. ನಿಮ್ಮ ಪುಸ್ತಕಕ್ಕೆ ಹಾಸೆಲ್ ಬಂದದ್ದು ಈ ಬಾಗಿಲಿನಿಂದ. ಆಕಾರವನ್ನು ಅಳೆದವರು ಒಬ್ಬರು, ಆ ಆಕಾರದಿಂದ ಏನೆಲ್ಲ ಆಗುತ್ತದೆ ಎಂದು ತೋರಿಸಿದವರು ಇನ್ನೊಬ್ಬರು. ಪ್ರಶಸ್ತಿ ಪತ್ರದಲ್ಲೂ ಕನ್ಫರ್ಮೇಶನ್ (ಅಣು ಮಡಿಸಿಕೊಂಡು ತಾಳುವ ಆಕಾರ) ಎಂಬ ಪರಿಕಲ್ಪನೆ ಮತ್ತು ರಸಾಯನಶಾಸ್ತ್ರದಲ್ಲಿ ಅದರ ಬಳಕೆ, ಎರಡನ್ನೂ ಹೆಸರಿಸಲಾಗಿದೆ.

ಹಾಸೆಲ್ ನಿಜವಾಗಿ ಕಳೆದುಕೊಂಡದ್ದು ಹೆಸರುಗಳನ್ನು. 1953ರಲ್ಲಿ ಬಾರ್ಟನ್, ಹಾಸೆಲ್, ಪಿಟ್ಸರ್, ಪ್ರೆಲಾಗ್ ನಾಲ್ವರೂ ಸೇರಿ ನಿಂತವಕ್ಕೆ ಆಕ್ಸಿಯಲ್, ಮಲಗಿದವಕ್ಕೆ ಈಕ್ವಟೋರಿಯಲ್ ಎಂಬ ಪದಗಳನ್ನು ಶಿಫಾರಸು ಮಾಡಿದರು. ಎಪ್ಸಿಲಾನ್, ಕಪ್ಪಾ ಅಲ್ಲಿಗೆ ಮುಗಿದವು. ಪದ ಹೋದಾಗ ಪದ ಕೊಟ್ಟವನ ನೆನಪೂ ಮಸುಕಾಗುತ್ತದೆ. ತನ್ನದೇ ಗುರುತುಗಳನ್ನು ಕೈಬಿಡುವ ಪತ್ರಕ್ಕೆ ತಾನೇ ಸಹಿ ಹಾಕಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ನೀವು ಕೇಳದ ಒಂದು ಮಾತು, ಆದರೆ ಹೇಳದೆ ಬಿಡಲಾರೆ. 1950ರ ದಶಕ ಬರುವ ಹೊತ್ತಿಗೆ ಹಾಸೆಲ್ ಸೈಕ್ಲೋಹೆಕ್ಸೇನ್ ಬಿಟ್ಟು ಬೇರೆ ದಾರಿ ಹಿಡಿದಿದ್ದರು. ಬ್ರೋಮಿನ್, ಅಯೋಡಿನ್‌ನಂಥ ಹ್ಯಾಲೊಜನ್‌ಗಳು ಆಮ್ಲಜನಕ, ಸಾರಜನಕ ಇರುವ ಅಣುಗಳ ಜೊತೆ ಬೆರೆತಾಗ ಸಡಿಲವಾದ ಜೋಡಿಗಳಾಗುತ್ತವೆ. ಅವು ಕೂಡುವ ರೀತಿ ಯಾವುದು? 1954ರಲ್ಲಿ ಜಾನ್ ವೋಸ್ಲೆಫ್ ಜೊತೆ ಬ್ರೋಮಿನ್ ಮತ್ತು ಡಯಾಕ್ಸೇನ್ ಸೇರಿದ ಸ್ಫಟಿಕದ ರಚನೆ ಪ್ರಕಟಿಸಿದರು. ಆಮ್ಲಜನಕ, ಬ್ರೋಮಿನ್, ಬ್ರೋಮಿನ್, ಮತ್ತೆ ಆಮ್ಲಜನಕ: ನೇರ ಗೆರೆಯಲ್ಲಿ ಪೋಣಿಸಿದ ಸರಪಳಿ. ಋಣ ಸ್ವಭಾವದ್ದು ಎಂದು ನಾವು ತಿಳಿದ ಬ್ರೋಮಿನ್ ತನ್ನ ತುದಿಯಿಂದ, ಎಲೆಕ್ಟ್ರಾನ್ ತುಂಬಿದ ಆಮ್ಲಜನಕದ ಕಡೆಗೆ ಕೈಚಾಚಿತ್ತು. ಜಲಜನಕ ಬಂಧಕ್ಕೆ ಅಣ್ಣತಮ್ಮನಂಥ ಈ ಸೆಳೆತವನ್ನು ಇವತ್ತು ಹ್ಯಾಲೊಜನ್ ಬಂಧ ಎನ್ನುತ್ತೇವೆ. 1970ರ ಜೂನ್ 9ರಂದು ನೊಬೆಲ್ ಉಪನ್ಯಾಸ ಕೊಡಲು ನಿಂತಾಗ, ಪ್ರಶಸ್ತಿ ತಂದ ಕುರ್ಚಿಯನ್ನಲ್ಲ, ಈ ಬಂಧಗಳನ್ನೇ ಅವರು ವಿಷಯವಾಗಿ ಆರಿಸಿಕೊಂಡರು. ಆಗ ಅದಕ್ಕೆ ಗಮನ ಕೊಟ್ಟವರು ಕಡಿಮೆ. ಔಷಧ ವಿನ್ಯಾಸದಲ್ಲೂ ಸ್ಫಟಿಕ ಎಂಜಿನಿಯರಿಂಗ್‌ನಲ್ಲೂ ಅದು ಮುನ್ನೆಲೆಗೆ ಬಂದದ್ದು ದಶಕಗಳ ನಂತರ. 2013ರಲ್ಲಿ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಹ್ಯಾಲೊಜನ್ ಬಂಧಕ್ಕೆ ಅಧಿಕೃತ ವ್ಯಾಖ್ಯೆ ಪ್ರಕಟಿಸಿದಾಗ, ಆ ಶಿಫಾರಸಿನ ಮೊದಲ ಲೇಖಕರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೌತಮ್ ದೇಸಿರಾಜು. ಓಸ್ಲೋದಲ್ಲಿ ಎಳೆದ ಗೆರೆ ನಮ್ಮ ಮಲ್ಲೇಶ್ವರದ ಪಕ್ಕಕ್ಕೇ ಬಂದು ಮುಟ್ಟಿದೆ.

ಹಾಸೆಲ್ ಮದುವೆಯಾಗಲಿಲ್ಲ. 1964ರಲ್ಲಿ ನಿವೃತ್ತರಾದರು, 1981ರ ಮೇ 11ರಂದು ಓಸ್ಲೋದಲ್ಲಿ ತೀರಿಕೊಂಡರು. ಎಂಬತ್ತನಾಲ್ಕು ತುಂಬಲು ಆರು ದಿನ ಉಳಿದಿತ್ತು. ಬಾಸ್ಟಿಯಾನ್ಸೆನ್ ಮುಂದೆ ಅದೇ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಒಟ್ಟಾರ್ ದಾರಿ ಬದಲಿಸಿ ನಾರ್ವೆಯ ವಾಯು ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿ, ಒಂದು ದೇಶದ ಹೊಗೆ ಇನ್ನೊಂದು ದೇಶದ ಕೆರೆಗಳ ಮೇಲೆ ಆಮ್ಲ ಮಳೆಯಾಗಿ ಸುರಿಯುವುದನ್ನು ಅಳೆಯುವ ಕೆಲಸ ಮುನ್ನಡೆಸಿದರು.

ಎಲ್ಲಿಂದ ಶುರು ಮಾಡಲಿ ಎಂದಿರಿ. 1943ರ ಲೇಖನ ಬಹಳ ವರ್ಷಗಳ ನಂತರ ಇಂಗ್ಲಿಷಿಗೆ ಬಂದಿದೆ, ಆದರೆ ಮೊದಲು ಒಟ್ಟಾರ್ ಜೊತೆಗಿನ 1947ರ ಲೇಖನ ಓದಿ. ನೇರವಾಗಿ ಇಂಗ್ಲಿಷಿನಲ್ಲೇ ಬರೆದದ್ದು, ಚಿಕ್ಕದು. ಪಕ್ಕದಲ್ಲಿ ಕಡ್ಡಿ ಗೋಲಿಗಳ ಮಾಡೆಲ್ ಇಟ್ಟುಕೊಂಡು ಬೀಟಾ ಗ್ಲೂಕೋಸ್ ಕಟ್ಟಿ. ಉಂಗುರದ ಸುತ್ತ ಇರುವ ಐದು ಗುಂಪುಗಳೂ ಒಂದೊಂದಾಗಿ ಹೊರಕ್ಕೆ ಮಲಗುತ್ತ ಹೋಗುವುದನ್ನು ನಿಮ್ಮ ಬೆರಳಿನಲ್ಲೇ ನೋಡಿ. ಆಮೇಲೆ ಆಲ್ಫಾ ರೂಪ ಕಟ್ಟಿ. ಅಲ್ಲಿ ಒಂದು ಗುಂಪು ಮಾತ್ರ ಎದ್ದು ನಿಲ್ಲುತ್ತದೆ. ನೀರಿನಲ್ಲಿ ಕರಗಿದ ಗ್ಲೂಕೋಸ್‌ನಲ್ಲಿ ಬೀಟಾ ಸುಮಾರು 64 ಪಾಲು, ಆಲ್ಫಾ 36 ಪಾಲು ಯಾಕೆ ಎಂಬ ಪ್ರಶ್ನೆಯನ್ನು ಆ ಎರಡು ಮಾಡೆಲ್‌ಗಳನ್ನು ಎದುರಿಗಿಟ್ಟುಕೊಂಡು ನಿಮ್ಮ ಮೇಷ್ಟ್ರಿಗೆ ಕೇಳಿ.